ಉಸ್ಪೆನ್ಸ್ಕಿಯ ಈಸ್ಟರ್ ರಾತ್ರಿ

ಈಸ್ಟರ್ ಹಿಂದಿನ ಶನಿವಾರ ರಾತ್ರಿ ಫಿನ್ಲೆಂಡ್ ರಾಜಧಾನಿ ಹೆಲ್ಸಿಂಕಿಯಲ್ಲಿರುವ ಆರ್ಥೊಡಾಕ್ಸ್ ಕ್ರೈಸ್ತರ ಉಸ್ಪೆನ್ಸ್ಕಿ ಕೆಥೆಡ್ರಲ್‌ಗೆ ಹೋಗುವವರು ಹನ್ನೊಂದು ಗಂಟೆಯೊಳಗೆ ಅದು ನಿಂತಿರುವ ಕತಯನೊಕ್ಕದ ಬಂಡೆ ಹತ್ತಿರಬೇಕು. ತಡವಾದರೆ ಅಂಗಳವೇ ಗತಿ. ಒಳಗೆ ಸಾಲು ಬೆಂಚುಗಳಿಲ್ಲ, ಗೋಡೆಯಂಚಿನಲ್ಲಿ ವಯಸ್ಸಾದವರಿಗೆ ಒಂದಷ್ಟು ಆಸನಗಳಿವೆ ಅಷ್ಟೆ. ಉಳಿದವರು ಎರಡು-ಮೂರು ಗಂಟೆ ನಿಂತೇ ಇರುತ್ತಾರೆ. ಆರ್ಗನ್ ಇಲ್ಲ, ಬರೀ ಕೊರಳುಗಳ ಹಾಡು.

ಮಧ್ಯರಾತ್ರಿಗೆ ಪಾದ್ರಿಗಳು, ಗಾಯಕರು, ಜನ ಎಲ್ಲರೂ ಹೊರಬಂದು ಕಟ್ಟಡಕ್ಕೆ ಒಂದು ಸುತ್ತು ಬರುತ್ತಾರೆ. ಕಡಲ ಗಾಳಿಗೆ ಕೈಯಲ್ಲಿನ ಮೇಣದಬತ್ತಿ ಆರದೆ ನಿಲ್ಲುವುದು ಕಷ್ಟ. ಎದೆಗೆ ಹತ್ತಿರ ಹಿಡಿದು, ಗಾಳಿ ಬರುವ ಕಡೆ ಅಂಗೈ ಅಡ್ಡ ಕೊಡಬೇಕು. ಬುಡಕ್ಕೆ ಕಾಗದದ ಬಿಲ್ಲೆ ಸಿಕ್ಕಿಸದಿದ್ದರೆ ಕಾದ ಮೇಣ ಬೆರಳಿನ ಮೇಲೆಯೇ. ಆರಿದರೆ ಪಕ್ಕದವರ ಬತ್ತಿಗೆ ತಾಗಿಸಿಕೊಳ್ಳಬಹುದು, ಯಾರೂ ಏನೂ ಅನ್ನುವುದಿಲ್ಲ. ಮುಚ್ಚಿದ ಬಾಗಿಲ ಮುಂದೆ ಪುನರುತ್ಥಾನದ ಹಾಡು ಮೊದಲಾಗುತ್ತದೆ, ಬಾಗಿಲು ತೆರೆಯುತ್ತದೆ. ಪಾದ್ರಿ "ಕ್ರಿಸ್ತುಸ್ ನೊಉಸಿ" ಎಂದರೆ, ಅಂದರೆ ಕ್ರಿಸ್ತ ಎದ್ದ ಎಂದರೆ, "ತೊತಿಸೆಸ್ತಿ ನೊಉಸಿ", ನಿಜವಾಗಿಯೂ ಎದ್ದ, ಎಂದು ಇಡೀ ಗುಂಪು ಕೂಗುತ್ತದೆ. ಆ ಗುಂಪಿನಲ್ಲಿ ದೇಶದ ಬಹುಸಂಖ್ಯಾತ ಪ್ರಾಟೆಸ್ಟಂಟರಾದ ಲೂಥರನ್ ಮನೆಗಳವರೂ ಇರುತ್ತಾರೆ.

ಪ್ರವಾಸಿಗರು ಇದನ್ನು ರಷ್ಯನ್ ಚರ್ಚ್ ಅನ್ನುತ್ತಾರೆ. ಹುಟ್ಟಿನ ಮಟ್ಟಿಗೆ ನಿಜ. ಫಿನ್ಲೆಂಡ್ ರಷ್ಯದ ತ್ಸಾರ್‌ಗಳ ಕೈಯಲ್ಲಿದ್ದಾಗ ರಷ್ಯನ್ ವಾಸ್ತುಶಿಲ್ಪಿ ಗೊರ್ನೊಸ್ತಾಯೆವ್ ವಿನ್ಯಾಸ ಮಾಡಿದ, 1868ರಲ್ಲಿ ಕೆಲಸ ಮುಗಿಯಿತು. ಸುಮಾರು 7 ಲಕ್ಷ ಇಟ್ಟಿಗೆ ಬಂದದ್ದು ಓಲಂಡ್ ದ್ವೀಪಗಳ ಬೊಮಾರ್ಸುಂಡ್ ಕೋಟೆಯಿಂದ. ಕ್ರಿಮಿಯಾ ಯುದ್ಧದಲ್ಲಿ, 1854ರಲ್ಲಿ, ಬ್ರಿಟಿಷರೂ ಫ್ರೆಂಚರೂ ಆ ಕೋಟೆಯನ್ನು ಕೆಡವಿದ್ದರು. ಅದೇ ಕೆಂಪು ಗೋಡೆಗಳ ಮೇಲೆ ಕ್ರಿಸ್ತ ಮತ್ತು ಹನ್ನೆರಡು ಶಿಷ್ಯರ ಲೆಕ್ಕದಲ್ಲಿ 13 ಗುಮ್ಮಟಗಳಿವೆ.

ಆದರೆ ಈ ಹೆಸರು ಇಂದಿನ ಭಕ್ತರಿಗೆ ಮಾಡುವ ಅನ್ಯಾಯ. 1923ರಿಂದ ಇವರ ಸಭೆ ಮಾಸ್ಕೋದ ಧರ್ಮಪೀಠ ಬಿಟ್ಟು ಕಾನ್‌ಸ್ಟಾಂಟಿನೋಪಲ್‌ನ ಧರ್ಮಪೀಠದ ಆಶ್ರಯದಲ್ಲಿದೆ. ಪೂಜೆ ಹೆಚ್ಚಾಗಿ ಫಿನ್ನಿಶ್‌ನಲ್ಲಿ. ಬೇರೆಡೆಯ ಬಹುಪಾಲು ಆರ್ಥೊಡಾಕ್ಸ್ ಜನ ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕದಲ್ಲಿ ಈಸ್ಟರ್ ಮಾಡಿದರೆ, ಇವರದು ಅಕ್ಕಪಕ್ಕದ ಲೂಥರನ್ನರ ದಿನವೇ. 1944ರಲ್ಲಿ ಪೂರ್ವ ಗಡಿಯ ಕರೇಲಿಯಾ ಸೋವಿಯತ್ ಪಾಲಾದಾಗ ಫಿನ್ಲೆಂಡಿನ ಆರ್ಥೊಡಾಕ್ಸರಲ್ಲಿ ಬಹುಪಾಲು ಜನ ಮನೆ, ಚರ್ಚು, ಸ್ಮಶಾನ ಎಲ್ಲ ಬಿಟ್ಟು ಬಂದರು. ಅಂಥವರ ಮಕ್ಕಳು ಮೊಮ್ಮಕ್ಕಳಿಗೆ ಉಳಿದ ಒಂದು ದೊಡ್ಡ ನೆಲೆ ಈ ಬಂಡೆಯ ಮೇಲಿನದು.

ಪೂಜೆಯಾದ ಮೇಲೆ ಬುಟ್ಟಿಗಳಿಗೆ ಆಶೀರ್ವಾದ. ಕೆಂಪು ಮೊಟ್ಟೆ, ಕುಲಿಚ್ ಎಂಬ ಸಿಹಿ ಬ್ರೆಡ್ಡು, ಪಾಸ್ಹಾ ಎಂಬ ಗೋಪುರದಾಕಾರದ ಸಿಹಿತಿಂಡಿ. ಪಾಸ್ಹಾಗೆ ಒಂದು ಕಿಲೋ ರಾಹ್ಕಾ (ನಮ್ಮ ಶ್ರೀಖಂಡಕ್ಕೆ ಕಟ್ಟುವ ಮೊಸರಿನಂಥದ್ದು), 200 ಗ್ರಾಂ ಬೆಣ್ಣೆ, ಸಕ್ಕರೆ, ಕೆನೆ, ಒಣದ್ರಾಕ್ಷಿ, ಬಾದಾಮಿ, ನಿಂಬೆಸಿಪ್ಪೆಯ ತುರಿ. ಬೆಣ್ಣೆ ಸಕ್ಕರೆ ಚೆನ್ನಾಗಿ ನಾದಿದ ಮೇಲೆ ಮಿಕ್ಕದ್ದು. ಒದ್ದೆ ಬಟ್ಟೆ ಹಾಸಿದ ನಾಲ್ಕು ಹಲಗೆಯ ಮರದ ಅಚ್ಚಿಗೆ ತುಂಬಿ, ಮೇಲೆ ಭಾರವಿಟ್ಟು, ತಣ್ಣಗೆ ಒಂದೆರಡು ದಿನ ನೀರಿಳಿಸಬೇಕು. ರಾಹ್ಕಾದ ನೀರನ್ನು ಮೊದಲೇ ಹಿಂಡದಿದ್ದರೆ ಹಲಗೆ ಬಿಚ್ಚಿದೊಡನೆ ಗೋಪುರ ಕುಸಿಯುತ್ತದೆ. ಅದಕ್ಕೇ ಮನೆಗಳಲ್ಲಿ ಈ ಕೆಲಸ ಗುರುವಾರವೇ ಶುರು.