ಡಿಕ್ಕಿಯಲ್ಲಿ ಮಲಗಿರೋ ಐದನೇ ಟೈರ್ ಬಗ್ಗೆ ಸ್ವಲ್ಪ

ಆಯುಧ ಪೂಜೆ ದಿನ ಕಾರು ತೊಳೆದು, ಬಾನೆಟ್‌ಗೆ ಹಾರ ಹಾಕಿ, ಮುಂದೆ ಬಾಳೆಕಂದು ಕಟ್ಟಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸ್ತೀವಿ, ಬೂದುಗುಂಬಳಕಾಯಿ ಒಡೀತೀವಿ (ಅದನ್ನ ರೋಡ್ ಮಧ್ಯದಲ್ಲೇ ಬಿಟ್ಟು ಬೈಕಿನವ್ರು ಜಾರಿ ಬೀಳೋ ಹಾಗೆ ಮಾಡೋದು ಬೇರೆ ಮಾತು, ಅದ್ರ ಬಗ್ಗೆ ಬರೆಯೋಕೆ ಕೂತ್ರೆ ಇವತ್ತು ಮುಗಿಯಲ್ಲ). ಆದ್ರೆ ಡಿಕ್ಕಿಯಲ್ಲಿ ಕಾರ್ಪೆಟ್ ಕೆಳಗೆ ಮಲಗಿರೋ ಸ್ಟೆಪ್ನಿಗೆ ಒಂದು ಕುಂಕುಮದ ಬೊಟ್ಟೂ ಇಲ್ಲ. ಹಬ್ಬದ ದಿನ ಬಿಡಿ, ವರ್ಷಪೂರ್ತಿ ಅದನ್ನ ಯಾರೂ ಮುಟ್ಟೋದೇ ಇಲ್ಲ.

ಪೆಟ್ರೋಲ್ ಬಂಕಲ್ಲಿ ನೋಡಿ, ಗಾಳಿ ಹೊಡೆಯೋ ಹುಡುಗ ನಾಲ್ಕು ಟೈರ್ ಚೆಕ್ ಮಾಡಿ ಪೈಪ್ ಸುತ್ತಿ ಇಡ್ತಾನೆ. "ಸ್ಟೆಪ್ನೀಗೂ ಹೊಡಿಯಪ್ಪ" ಅಂದ್ರೆ ಡಿಕ್ಕಿಯಲ್ಲಿರೋ ಬ್ಯಾಗು, ನೀರಿನ ಕ್ಯಾನು, ಮಗುವಿನ ಸೈಕಲ್ಲು, ಯಾವತ್ತೋ ಊರಿಂದ ತಂದ ತೆಂಗಿನಕಾಯಿ ಮೂಟೆ ಎಲ್ಲ ಇಳಿಸ್ಬೇಕು, ಹಿಂದೆ ಇನ್ನೊಬ್ಬ ಹಾರ್ನ್ ಹೊಡೀತಿರ್ತಾನೆ, ಅದಕ್ಕೇ ನಾವು "ಆಮೇಲೆ ನೋಡೋಣ" ಅಂತ ಹೊರಟುಬಿಡ್ತೀವಿ. ಆದ್ರೆ ಟೈರು ಓಡದೆ ಸುಮ್ನೆ ಮಲಗಿದ್ರೂ ಗಾಳಿ ಇಳಿಯುತ್ತೆ, ತಿಂಗಳಿಗೆ ಒಂದೆರಡು ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯೋ ಲೆಕ್ಕ) ಹೋಗೋದು ಮಾಮೂಲಿ. ಎರಡು ವರ್ಷ ಮುಟ್ಟದೇ ಇರೋ ಸ್ಟೆಪ್ನಿಯನ್ನ ರಾತ್ರಿ ರೋಡಲ್ಲಿ ಕಷ್ಟಪಟ್ಟು ಹಾಕಿ ಜ್ಯಾಕ್ ಇಳಿಸಿದ್ರೆ ಅದೂ ಪುಸ್ ಅಂತ ಕೂತ್ಕೊಳ್ಳುತ್ತೆ, ಆಗ ನಿಮ್ಮ ಹತ್ರ ಪಂಚರ್ ಆಗಿರೋ ಟೈರ್ ಒಂದಲ್ಲ, ಎರಡು.

ನಾನು ಮಾಡೋದು ಏನಂದ್ರೆ, ಸ್ಟೆಪ್ನಿಗೆ ಮಾಮೂಲಿಗಿಂತ ನಾಲ್ಕೈದು ಪಿಎಸ್‌ಐ ಜಾಸ್ತೀನೇ ಹಾಕಿಸ್ತೀನಿ. ಡ್ರೈವರ್ ಡೋರ್ ತೆಗೆದ್ರೆ ಪಕ್ಕದ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತೆ, ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಿರುತ್ತೆ, ಅದ್ರಲ್ಲಿ ಎಷ್ಟು ಗಾಳಿ ಬೇಕು ಅಂತ ಬರೆದಿರ್ತಾರೆ, ಫುಲ್ ಲೋಡಿಗೆ ಬೇರೆ ಲೆಕ್ಕ ಇರುತ್ತೆ. ಅಲ್ಲಿ 33 ಅಂತಿದ್ರೆ ಸ್ಟೆಪ್ನಿಗೆ 37, 38. ಬೇಕಾದಾಗ ಇಳಿಸ್ಕೋಬಹುದು, ಕಾಡಿನ ಮಧ್ಯೆ ಗಾಳಿ ತುಂಬೋಕೆ ಆಗಲ್ಲ. ಆದ್ರೆ ಟೈರ್ ಪಕ್ಕದಲ್ಲಿ ಬರೆದಿರೋ ಮ್ಯಾಕ್ಸಿಮಮ್ ಪ್ರೆಶರ್ ದಾಟಬಾರ್ದು, ಅದು ತಡೆಯೋ ಮಿತಿ, ಹಾಕ್ಬೇಕಾದ ಲೆಕ್ಕ ಅಲ್ಲ, ಇದೆರಡನ್ನ ತುಂಬ ಜನ ಕಲಸಿಬಿಡ್ತಾರೆ. ಇನ್ನು ಕೆಲವು ಕಾರುಗಳಲ್ಲಿ ಸೈಕಲ್ ಟೈರ್ ತರ ಸಣಕಲು ಸ್ಟೆಪ್ನಿ ಬರುತ್ತಲ್ಲ, ಅದಕ್ಕೆ 60 ಪಿಎಸ್‌ಐ ಬೇಕು, ಅದ್ರ ಮೇಲೇ ಬರೆದಿರುತ್ತೆ. ಬಂಕಿನ ಹುಡುಗ ಅದಕ್ಕೂ 32 ಹೊಡೆದು ಕಳಿಸಿದ್ರೆ ಹಾಕಿದ ಕೂಡ್ಲೇ ಅರ್ಧ ಚಪ್ಪಟೆ.

ಗಾಳಿ ಚೆಕ್ ಮಾಡ್ಬೇಕಾಗಿದ್ದು ಟೈರ್ ತಣ್ಣಗಿದ್ದಾಗ, ಬೆಳಿಗ್ಗೆ ಮನೆಯಿಂದ ಹೊರಟು ಒಂದೆರಡು ಕಿಲೋಮೀಟರ್ ಒಳಗೆ. ಹೈವೇಲಿ ಓಡಿಸ್ಕೊಂಡು ಬಂದು ನೋಡಿದ್ರೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತೆ, ಅದು ಬಿಸಿಗೆ ಹಿಗ್ಗಿರೋ ಗಾಳಿ, ಅದನ್ನ ಬಿಟ್ಟು ಕಮ್ಮಿ ಮಾಡಿದ್ರೆ ಮಾರನೇ ದಿನ ಬೆಳಿಗ್ಗೆ ಟೈರಲ್ಲಿ ಗಾಳಿ ಕಮ್ಮಿಯಾಗಿರುತ್ತೆ. ಜಾಸ್ತಿ ಗಾಳಿಗಿಂತ ಕಮ್ಮಿ ಗಾಳೀನೇ ಅಪಾಯ, ಯಾಕಂದ್ರೆ ಕಮ್ಮಿ ಇದ್ರೆ ಟೈರಿನ ಪಕ್ಕೆ ಒಂದೊಂದು ಸುತ್ತಿಗೂ ಮಡಚಿ ಮಡಚಿ ಒಳಗೇ ಬಿಸಿ ಏರುತ್ತೆ, ರಾಯಚೂರು ಕಲಬುರಗಿ ಕಡೆ ಏಪ್ರಿಲ್ ಬಿಸಿಲಲ್ಲಿ, ಫುಲ್ ಲೋಡ್ ಹಾಕ್ಕೊಂಡು, ನೂರರ ಸ್ಪೀಡಲ್ಲಿ ಹೋಗೋವಾಗ ಟೈರು ಬರ್ಸ್ಟ್ ಆಗೋದು ಹೆಚ್ಚಾಗಿ ಹೀಗೇ. ನೈಟ್ರೋಜನ್ ಹಾಕಿಸಿದ್ರೆ ಏನೂ ಆಗಲ್ಲ ಅಂತಾರೆ, ನಾವು ಉಸಿರಾಡೋ ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ದುಡ್ಡು ಕೊಟ್ಟು ಹಾಕಿಸೋರು ಹಾಕಿಸ್ಲಿ, ನಾನಂತೂ ಆ ದುಡ್ಡಲ್ಲಿ ಗಾಳಿ ಅಳೆಯೋ ಒಂದು ಗೇಜ್ ತಗೊಂಡು ಡ್ಯಾಶ್‌ಬೋರ್ಡಲ್ಲಿ ಇಟ್ಕೊಳ್ಳಿ ಅಂತೀನಿ.

ಇನ್ನೊಂದು ವಿಷ್ಯ ವಯಸ್ಸು. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೇಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು ಅಂತ. ಒಂದು ಪಕ್ಕ ಕಾಣ್ಲಿಲ್ಲ ಅಂದ್ರೆ ಇನ್ನೊಂದು ಪಕ್ಕ ನೋಡಿ. ಸ್ಟೆಪ್ನಿ ಒಂದು ಕಿಲೋಮೀಟರೂ ಓಡಿರಲ್ಲ, ಮೈಮೇಲಿನ ಗೆರೆಗಳು (ಗ್ರೂವ್) ಹೊಸ ಟೈರಿನ ಹಾಗೇ ಆಳ ಇರುತ್ತೆ, ಕರ್ರಗೆ ಮಿರಮಿರ ಅಂತಿರುತ್ತೆ, ಆದ್ರೆ ರಬ್ಬರಿಗೆ ವಯಸ್ಸಾಗುತ್ತೆ. ಆರು ವರ್ಷ ಆದ್ಮೇಲೆ ವರ್ಷಕ್ಕೊಂದ್ಸಲ ಟೈರ್ ಅಂಗಡಿಯವ್ರ ಹತ್ರ ತೋರಿಸ್ಬೇಕು, ಹತ್ತು ವರ್ಷ ಆದ್ರೆ ನೋಡೋಕೆ ಎಷ್ಟೇ ಚೆನ್ನಾಗಿದ್ರೂ ತೆಗೀಬೇಕು. ವಾಲ್ವಿನ ರಬ್ಬರ್ ಕುತ್ತಿಗೆ ಇರುತ್ತಲ್ಲ, ಅದನ್ನ ಸ್ವಲ್ಪ ಬಗ್ಗಿಸಿ ನೋಡಿ, ಸಣ್ಣ ಸಣ್ಣ ಬಿರುಕು ಬಾಯಿ ಬಿಟ್ರೆ ಬದಲಾಯಿಸಿ, ಚಿಲ್ಲರೆ ದುಡ್ಡಿನ ಕೆಲಸ. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರಿಗೂ ಇದು ಉಪಯೋಗ, ಸ್ಟೆಪ್ನಿ ಸಾಮಾನ್ಯವಾಗಿ ಫ್ಯಾಕ್ಟರಿಯಿಂದ ಬಂದಿದ್ದೇ ಇರುತ್ತೆ, ಅದ್ರ ಡೇಟೂ ನಾಲ್ಕು ಟೈರಿನ ಡೇಟೂ ಓಡೋಮೀಟರೂ ಮೂರೂ ತಾಳೆ ನೋಡಿದ್ರೆ ಬ್ರೋಕರ್ ಹೇಳೋ ಕಥೆ ಎಷ್ಟು ನಿಜ ಅಂತ ಗೊತ್ತಾಗುತ್ತೆ.

ಈಗ ಬರೋ ಎಷ್ಟೋ ಕಾರುಗಳಲ್ಲಿ ಓಡೋ ಟೈರು 16 ಇಂಚಿನ ಅಲಾಯ್, ಸ್ಟೆಪ್ನಿ ಮಾತ್ರ 14 ಅಥವಾ 15 ಇಂಚಿನ ಕಬ್ಬಿಣದ ರಿಮ್ಮು. ಅದ್ರ ಮೇಲೆ 80 ಅಂತ ಸ್ಟಿಕ್ಕರ್ ಅಂಟಿಸಿದ್ರೆ ಅದು ಅಲಂಕಾರಕ್ಕಲ್ಲ, 80 ಕಿಲೋಮೀಟರ್ ಸ್ಪೀಡ್ ದಾಟಬಾರ್ದು ಅಂತ. ಗಾಡಿ ಒಂದು ಕಡೆ ಎಳೆಯುತ್ತೆ, ಬ್ರೇಕ್ ಹಿಡಿದಾಗ ಸಮ ಇರಲ್ಲ, ಕೆಲವು ಗಾಡೀಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದ ಹಾಗೆ ನೋಡ್ಕೊಳ್ಳೋ ಸಿಸ್ಟಮ್ಮು) ಲೈಟೂ ಹತ್ಕೊಳ್ಳುತ್ತೆ. ಬೆಂಗಳೂರು ಮೈಸೂರು ರೋಡಲ್ಲಿ ಹಾಗೆ ಸಣ್ಣ ಸ್ಟೆಪ್ನಿ ಹಾಕ್ಕೊಂಡು ನೂರರ ಮೇಲೆ ಹೋಗ್ತಿರೋರನ್ನ ನೋಡಿದ್ದೀನಿ, ಪಾಪ ಗೊತ್ತಿರಲ್ವೋ ಏನೋ. ಅದನ್ನ ಹಾಕೋದು ಹತ್ತಿರದ ಪಂಚರ್ ಅಂಗಡಿಗೆ ಹೋಗೋಕೆ ಅಷ್ಟೇ. 2020ರಲ್ಲಿ ಕೇಂದ್ರ ಸರ್ಕಾರ ರೂಲ್ಸ್ ಬದಲಾಯಿಸಿದ ಮೇಲೆ ಟ್ಯೂಬ್‌ಲೆಸ್ ಟೈರು, ಗಾಳಿ ಕಮ್ಮಿಯಾದ್ರೆ ಎಚ್ಚರಿಸೋ ಸಿಸ್ಟಮ್ಮು, ರಿಪೇರಿ ಕಿಟ್ಟು ಇಷ್ಟಿದ್ರೆ ಕಾರಲ್ಲಿ ಸ್ಟೆಪ್ನೀನೇ ಇರಬೇಕಿಲ್ಲ. ಜಾಗ ಉಳಿಯುತ್ತೆ, ತೂಕ ಉಳಿಯುತ್ತೆ ಅಂತಾರೆ, ಉಳಿಯೋದು ಕಂಪನಿಯವ್ರ ದುಡ್ಡು ಅಂತ ನನ್ನ ಅನಿಸಿಕೆ. ಆ ಕಿಟ್ಟಿನ ಅಂಟು ಮೊಳೆ ಚುಚ್ಚಿದ ತೂತು ಮುಚ್ಚುತ್ತೆ ನಿಜ, ಆದ್ರೆ ನಮ್ಮ ರೋಡಲ್ಲಿ ಟೈರು ಹೋಗೋದು ಬರೀ ಮೊಳೆಯಿಂದನಾ, ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಬಿದ್ದು ಪಕ್ಕೆ ಸೀಳಿದ್ರೆ ಯಾವ ಅಂಟೂ ನಿಲ್ಲಲ್ಲ. ಆ ಬಾಟಲಿಗೂ ಎಕ್ಸ್‌ಪೈರಿ ಡೇಟ್ ಇರುತ್ತೆ, ನೋಡಿದ್ದೀರಾ?

ಸ್ಟೆಪ್ನಿ ಎಲ್ಲಿದೆ, ಹೇಗೆ ತೆಗೆಯೋದು ಅನ್ನೋದು ಇನ್ನೊಂದು ಕಥೆ. ನಮ್ಮ ಭಾವನ ಏಳು ಸೀಟಿನ ಗಾಡೀಲಿ ಮನೆಮಂದಿ ಎಲ್ಲ ಧರ್ಮಸ್ಥಳಕ್ಕೆ ಹೊರಟಿದ್ವಿ, ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಘಾಟಿ ಇಳೀತಾ ಇದ್ವಿ, ಹಿಂದಿನ ಎಡಗಡೆ ಟೈರು ಪಂಚರ್. ಆ ಗಾಡೀಲಿ ಸ್ಟೆಪ್ನಿ ಡಿಕ್ಕಿಯಲ್ಲಿ ಇಲ್ಲ, ಗಾಡಿ ಹೊಟ್ಟೆ ಕೆಳಗೆ ನೇತಾಡ್ತಿರುತ್ತೆ. ಅದನ್ನ ಇಳಿಸೋ ಬೋಲ್ಟು ಡಿಕ್ಕಿ ಕಾರ್ಪೆಟ್ ಕೆಳಗೆ, ಅದ್ರ ಮೇಲೆ ಎಂಟು ಜನದ ಲಗೇಜು. ಎಲ್ಲ ಇಳಿಸಿ ಹ್ಯಾಂಡಲ್ ತಿರುಗಿಸಿದ್ರೆ ಕೇಬಲ್ ಅಲ್ಲಾಡ್ತಾನೇ ಇಲ್ಲ, ವರ್ಷಗಟ್ಟಲೆ ಕೆಸರು ಮೆತ್ತಿಕೊಂಡು ತುಕ್ಕು ಹಿಡಿದು, ಸ್ಟೆಪ್ನಿಯನ್ನ ಹಿಡಿದಿರೋ ಕಬ್ಬಿಣದ ತಟ್ಟೆ ರಿಮ್ಮಿಗೆ ಅಂಟಿಬಿಟ್ಟಿದೆ. ಭಾವ ಮಳೆ ಜಿನುಗ್ತಿರೋವಾಗ ಪಂಚೆ ಎತ್ತಿಕಟ್ಟಿ ಕೆಳಗೆ ಮಲಗಿದ್ದಾರೆ, ಅತ್ತೆ "ಅಣ್ಣಪ್ಪಸ್ವಾಮಿಗೆ ಹೇಳ್ಕೊಳ್ರೋ" ಅಂತಿದ್ದಾರೆ. ಕೊನೆಗೆ ಹತ್ತಿ ಬರ್ತಿದ್ದ ಲಾರಿಯ ಡ್ರೈವರ್ ನಿಲ್ಲಿಸಿ, ಸುತ್ತಿಗೆ ತಂದು ತಟ್ಟೆಗೆ ನಾಲ್ಕು ಏಟು ಹಾಕಿದ ಮೇಲೆ ದಡ್ ಅಂತ ಬಿತ್ತು. ಅಷ್ಟರಲ್ಲಿ ಭಾವ ಗಾಡೀನ ಜ್ಯಾಕಲ್ಲಿ ಪೂರ್ತಿ ಎತ್ತಿಟ್ಟಿದ್ರು, ನಟ್ ತಿರುಗಿಸೋಕೆ ಹೋದ್ರೆ ಚಕ್ರಾನೇ ತಿರುಗ್ತಾ ಗಾಡಿ ಜ್ಯಾಕ್ ಮೇಲೆ ವಾಲಾಡೋಕೆ ಶುರು. "ಸಾರ್, ಇಳಿಸಿ ಇಳಿಸಿ, ನಟ್ ನೆಲದ ಮೇಲಿದ್ದಾಗ ಲೂಸ್ ಮಾಡ್ಬೇಕು, ಆಮೇಲೆ ಎತ್ತೋದು" ಅಂದ್ರು ಆ ಡ್ರೈವರ್.

ಅವ್ರು ಮಾಡಿದ ರೀತೀನ ನಾನು ಪಕ್ಕದಲ್ಲೇ ನಿಂತು ನೋಡಿದೆ. ಮೊದ್ಲು ಎಲ್ಲರನ್ನೂ ಕೆಳಗಿಳಿಸಿ ರೋಡಿಂದ ಆಚೆ, ಬೆಟ್ಟದ ಕಡೆ ನಿಲ್ಲಿಸಿದ್ರು. ಗಾಡಿ ಇದ್ದಿದ್ದು ಇಳಿಜಾರಲ್ಲಿ, ಅದನ್ನ ನಿಧಾನ ಮುಂದೆ ತಗೊಂಡು ತಿರುವು ದಾಟಿ ಸ್ವಲ್ಪ ಸಮ ಇರೋ ಕಡೆ ಹಾಕಿಸಿದ್ರು, "ಟೈರು ಹಾಳಾದ್ರೆ ಹಾಳಾಗ್ಲಿ, ತಿರುವಲ್ಲಿ ನಿಂತ್ರೆ ಬಸ್ಸಿನವ್ನು ಹೊಡ್ಕೊಂಡು ಹೋಗ್ತಾನೆ" ಅಂದ್ರು. ಹ್ಯಾಂಡ್‌ಬ್ರೇಕ್ ಎಳೆದು, ಗೇರಲ್ಲಿ ಹಾಕಿ, ಪಂಚರ್ ಆದ ಚಕ್ರದ ಎದುರು ಮೂಲೆ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ರು. ಕೆಂಪು ತ್ರಿಕೋನದ ರಿಫ್ಲೆಕ್ಟರನ್ನ ತಿರುವಿಗಿಂತ ಆಚೆ ಇಡೋಕೆ ನನ್ನ ಕಳಿಸಿದ್ರು (ಗಾಡಿ ಪಕ್ಕದಲ್ಲೇ ಇಟ್ರೆ ಏನೂ ಉಪಯೋಗ ಇಲ್ಲ, ಹಿಂದೆ ಒಂದೈವತ್ತು ಮೀಟರ್ ಆದ್ರೂ ಇರ್ಬೇಕು). ಒಂದೊಂದು ನಟ್ಟನ್ನೂ ಅರ್ಧ ಸುತ್ತು ಮಾತ್ರ ಸಡಿಲ ಮಾಡಿ, ಮಣ್ಣು ಮೆತ್ತಗಿತ್ತು ಅಂತ ಜ್ಯಾಕ್ ಕೆಳಗೆ ಹಲಗೆ ಕೊಟ್ಟು, ಬಾಗಿಲ ಕೆಳಗಿನ ಅಂಚಲ್ಲಿ ಎರಡು ಗುರುತು ಇರುತ್ತಲ್ಲ, ಅಲ್ಲಿಗೇ ಸರಿಯಾಗಿ ಕೂರಿಸಿ ಎತ್ತಿದ್ರು. ಸ್ಟೆಪ್ನಿ ಹಾಕೋವರೆಗೂ ಅದನ್ನ ಗಾಡಿ ಕೆಳಗೆ ಮಲಗಿಸಿಟ್ರು, ಬಿಚ್ಚಿದ ಟೈರನ್ನ ಆಮೇಲೆ ಅದ್ರ ಜಾಗಕ್ಕೆ ಸರಿಸಿದ್ರು, ಜ್ಯಾಕ್ ಜಾರಿದ್ರೆ ಗಾಡಿ ಟೈರ್ ಮೇಲೆ ಕೂರುತ್ತೆ, ಮನುಷ್ಯನ ಮೇಲಲ್ಲ. ನಟ್ಟುಗಳನ್ನ ಸುತ್ತಲೂ ಒಂದಾದ ಮೇಲೊಂದು ಟೈಟ್ ಮಾಡಲ್ಲ, ಒಂದು ಹಾಕಿದ್ರೆ ಅದ್ರ ಎದುರಿಂದು, ಹೀಗೆ ಅಡ್ಡಡ್ಡ, ಕೈಯಲ್ಲಿ ಆದಷ್ಟು. ಕೆಳಗಿಳಿಸಿದ ಮೇಲೆ ಪೂರ್ತಿ ಬಿಗಿ. ಆಮೇಲೆ ಆ ಕಲ್ಲುಗಳನ್ನ ಎತ್ತಿ ಚರಂಡಿಗೆ ಹಾಕಿದ್ರು, ಇದನ್ನ ಎಷ್ಟು ಜನ ಮಾಡ್ತಾರೆ ಹೇಳಿ, ರಾತ್ರಿ ಹೊತ್ತು ಘಾಟಿ ರೋಡಲ್ಲಿ ಬೈಕಿನವ್ರು ಬೀಳೋದು ಹಾಗೆ ಬಿಟ್ಟು ಹೋದ ಕಲ್ಲಿಗೇ. ಐವತ್ತು ಕಿಲೋಮೀಟರ್ ಓಡಿದ ಮೇಲೆ ನಟ್ ಇನ್ನೊಂದ್ಸಲ ನೋಡ್ಕೊಳ್ಳಿ ಅಂದು ಹೊರಟ್ರು, ದುಡ್ಡು ಕೊಡೋಕೆ ಹೋದ್ರೆ ಮುಟ್ಲಿಲ್ಲ.

ನಟ್ ಬಿಚ್ಚೋಕೆ ಆಗದೇ ಇರೋದಕ್ಕೆ ಇನ್ನೊಂದು ಕಾರಣ ಗ್ಯಾರೇಜಿನ ಗಾಳಿ ಗನ್ನು. ಅವ್ರು ಗನ್ನಲ್ಲಿ ಟರ್ರ್ ಅಂತ ಬಿಗಿದು ಕಳಿಸ್ತಾರೆ, ಗಾಡಿ ಜೊತೆ ಕೊಟ್ಟಿರೋ ಗೇಣುದ್ದ ಸ್ಪ್ಯಾನರಲ್ಲಿ ಅದನ್ನ ಬಿಚ್ಚೋಕೆ ಪೈಲ್ವಾನರೇ ಬರಬೇಕು. ಒಂದು ಪ್ಲಸ್ ಸ್ಪ್ಯಾನರ್ ತಗೊಂಡು ಡಿಕ್ಕೀಲಿ ಹಾಕ್ಕೊಳ್ಳಿ, ಒಂದು ಭಾನುವಾರ ಮನೆ ಮುಂದೇನೇ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ, ಮನೇಲಿ ಗಾಡಿ ಓಡಿಸೋ ಹೆಂಗಸರು ಮಕ್ಕಳು ಎಲ್ಲರ ಕೈಲೂ ಮಾಡಿಸಿ. ನಟ್ ಬಿಚ್ಚಿದ ಮೇಲೂ ಚಕ್ರ ಕಿತ್ತು ಬರಲಿಲ್ಲ ಅಂದ್ರೆ ತುಕ್ಕಿಗೆ ಅಂಟಿದೆ ಅಂತ, ಅಲ್ಲಾದ್ರೆ ಪಕ್ಕದ ಮೆಕ್ಯಾನಿಕ್ ಕರೀಬಹುದು. ನ್ಯಾಷನಲ್ ಹೈವೇಲಿ ಪೂರ್ತಿ ಕೈಕೊಟ್ರೆ 1033ಕ್ಕೆ ಫೋನ್ ಮಾಡಿ, ಅದು ಹೈವೇಯವ್ರದ್ದೇ ಸಹಾಯವಾಣಿ.

ಪಂಚರ್ ಅಂಗಡೀಲಿ ಸ್ವಲ್ಪ ಹೊತ್ತು ನಿಂತು ನೋಡಿ, ಅರ್ಧ ವಿದ್ಯೆ ಅಲ್ಲೇ ಸಿಗುತ್ತೆ. ತೂತು ಸಿಗದೇ ಇದ್ರೆ ಅವ್ರು ಮೊದ್ಲು ಬೆರಳಿಗೆ ಎಂಜಲು ಹಚ್ಕೊಂಡು ವಾಲ್ವ್ ಬಾಯಿಗೆ ಒರೆಸ್ತಾರೆ, ಗುಳ್ಳೆ ಬಂದ್ರೆ ಟೈರಲ್ಲಿ ಏನೂ ಇಲ್ಲ, ವಾಲ್ವ್ ಪಿನ್ನು ಹೋಗಿದೆ ಅಂತ. ತೂತಿಗೆ ಹೊರಗಿಂದಾನೇ ರಬ್ಬರ್ ಸ್ಟ್ರಿಪ್ ತುರುಕೋದು ಹತ್ತು ನಿಮಿಷದ ಕೆಲಸ, ಊರು ಸೇರೋಕೆ ಸಾಕು. ಟೈರು ಬಿಚ್ಚಿ ಒಳಗಿಂದ ಮಶ್ರೂಮ್ ಪ್ಯಾಚ್ ಹಾಕೋದು ಸರಿಯಾದ ರಿಪೇರಿ, ದುಡ್ಡು ಜಾಸ್ತಿ ಆದ್ರೂ ಹೈವೇ ಓಡಾಡೋರು ಅದನ್ನೇ ಮಾಡಿಸ್ಬೇಕು. ಬಿಚ್ಚಿದಾಗ ಒಳಗಿಂದ ಕಪ್ಪು ರಬ್ಬರ್ ಪುಡಿ ಉದುರಿದ್ರೆ, ಗಾಳಿ ಇಲ್ದೇ ಓಡಿಸಿ ಒಳಗಡೆ ಪಕ್ಕೆ ಸವೆದು ಹೋಗಿದೆ ಅಂತ ಅರ್ಥ, ಪ್ಯಾಚ್ ಹಾಕಿ ಏನೂ ಪ್ರಯೋಜನ ಇಲ್ಲ, ಹೊಸದೇ ಗತಿ. ಪಕ್ಕೆಗೆ ಚುಚ್ಚಿದ್ರೂ ಅಷ್ಟೇ, ಪಕ್ಕೇಲಿ ಬೋಂಡದ ತರ ಉಬ್ಬಿದ್ರೂ ಅಷ್ಟೇ. "ಹಾಕ್ಕೊಡ್ತೀನಿ ಸಾರ್, ಏನಾಗಲ್ಲ" ಅಂದ್ರೆ ನಮಸ್ಕಾರ ಹಾಕಿ ಬನ್ನಿ.

ಸವೆತ ನೋಡೋದು ಸುಲಭ. ಟೈರಿನ ಗೆರೆಗಳ ಮಧ್ಯೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತೆ, 1.6 ಮಿಲಿಮೀಟರ್ ಎತ್ತರ, ಟೈರು ಅದ್ರ ಮಟ್ಟಕ್ಕೆ ಬಂದ್ರೆ ಮುಗೀತು, ಕಾನೂನೂ ಅದನ್ನೇ ಹೇಳುತ್ತೆ. ಮಲೆನಾಡಿನ ಮಳೆಗೆ ನಾನು ಅಷ್ಟರವರೆಗೂ ಕಾಯಲ್ಲ, 3ಕ್ಕೇ ತೆಗೀತೀನಿ. ಮಧ್ಯ ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ರೆ ಗಾಳಿ ಕಮ್ಮಿ, ಒಂದೇ ಅಂಚು ಅಂದ್ರೆ ಚಕ್ರದ ಅಲೈನ್‌ಮೆಂಟ್ ಸರಿಯಿಲ್ಲ. ಎಂಟ್ಹತ್ತು ಸಾವಿರ ಕಿಲೋಮೀಟರಿಗೆ ಟೈರ್ ಅದಲು ಬದಲು ಮಾಡಿಸೋವಾಗ ಸ್ಟೆಪ್ನಿ ಅದೇ ಸೈಜು ಅದೇ ರಿಮ್ಮು ಆಗಿದ್ರೆ ಅದನ್ನೂ ಸರದಿಗೆ ಸೇರಿಸಿ ಅಂತ ಹೇಳಿ, ನೀವು ಕೇಳದೇ ಇದ್ರೆ ಯಾರೂ ಮಾಡಲ್ಲ. ಐದೂ ಒಟ್ಟಿಗೇ ಸವೀತಾವೆ, ಸ್ಟೆಪ್ನಿ ಸುಮ್ನೆ ಮಲಗಿ ಮುದಿಯಾಗೋದೂ ತಪ್ಪುತ್ತೆ.

ಹೊಸ ಟೈರು ಎರಡೇ ತಗೊಳ್ಳೋದಾದ್ರೆ ಹಿಂದೆ ಹಾಕಿಸಿ, ಎಂಜಿನ್ ಮುಂದಿನ ಚಕ್ರ ಓಡಿಸೋ ಗಾಡಿ ಆದ್ರೂ ಅಷ್ಟೇ, ಮಳೇಲಿ ಹಿಂಭಾಗ ಜಾರಿದ್ರೆ ಸ್ಟೇರಿಂಗ್ ತಿರುಗಿಸಿ ಹಿಡಿಯೋದು ಕಷ್ಟ. ನಾಲ್ಕೂ ಹೊಸದು ಹಾಕಿಸೋವಾಗ ಅಂಗಡಿಯವ್ರು ಎಕ್ಸ್‌ಚೇಂಜ್ ಅಂತ ಹಳೇ ನಾಲ್ಕನ್ನೂ ಉರುಳಿಸ್ಕೊಂಡು ಹೋಗ್ತಾರೆ, ಒಂದಕ್ಕೆ ಕೊಡೋದು ಕೆಲವು ನೂರು ರೂಪಾಯಿ ಅಷ್ಟೇ. ನಿಮ್ಮ ಸ್ಟೆಪ್ನಿ ತೀರಾ ಹಳೇದಾಗಿದ್ದು ಸೈಜು ಒಂದೇ ಆಗಿದ್ರೆ, ಆ ನಾಲ್ಕರಲ್ಲಿ ಡೇಟು ಹೊಸದಿರೋ, ಪ್ಯಾಚ್ ಇಲ್ದಿರೋ, ಗೆರೆ ಚೆನ್ನಾಗಿರೋ ಒಂದನ್ನ ಆರಿಸಿ ಸ್ಟೆಪ್ನಿ ರಿಮ್ಮಿಗೆ ಹಾಕಿಸ್ಕೊಂಡು, ಆ ಹಳೇ ಸ್ಟೆಪ್ನಿ ಟೈರನ್ನ ಅವ್ರಿಗೆ ಕೊಡಿ. ವಾಲ್ವೂ ಹೊಸದು ಹಾಕಿಸಿ, ಅಲ್ಲೇ 38 ಹೊಡೆಸಿ.