ಜೈಲಿನ ಗೋಡೆಯನ್ನು ಬೇಸಿಗೆಯಲ್ಲಿ ನೋಡಿ ಸಹಿ ಹಾಕಿದ್ದೆ

ಹಳೇ ಕಟ್ಟಡಗಳನ್ನು ತಟ್ಟಿ, ಕುಟ್ಟಿ ನೋಡಿ, ಇದು ಇನ್ಯಾವುದಕ್ಕೆ ಆಗುತ್ತೆ ಅಂತ ವರದಿ ಬರೆಯುವುದು ನನ್ನ ಕೆಲಸ. ಮಲೆನಾಡಿನ ಒಂದು ತಾಲೂಕು ಊರಿನ ಹಳೇ ಸಬ್ ಜೈಲು ನನ್ನ ಪಾಲಿಗೆ ಬಂದದ್ದು ಮಾರ್ಚ್ ತಿಂಗಳಲ್ಲಿ. ಗ್ರಂಥಾಲಯ ಮಾಡೋಣ ಅನ್ನುವುದು ಊರವರ ಆಸೆ. ಬೆಂಗಳೂರಿನ ಸೆಂಟ್ರಲ್ ಜೈಲು ಫ್ರೀಡಂ ಪಾರ್ಕ್ ಆಯ್ತು, ಶಿವಮೊಗ್ಗದ ಹಳೇ ಜೈಲಿನ ಜಾಗವೂ ಫ್ರೀಡಂ ಪಾರ್ಕ್ ಆಯ್ತು, ನಮ್ಮದೇನು ಕಮ್ಮಿ ಅಂತ. ಆದರೆ ಅಲ್ಲೆಲ್ಲ ಜನ ಹೆಚ್ಚಾಗಿ ಸೇರುವುದು ಬಯಲಲ್ಲಿ. ಇಲ್ಲಿ ಗೋಡೆಯೊಳಗೇ ಕೂರಬೇಕು.

ಗೋಡೆ ಜಂಬಿಟ್ಟಿಗೆಯದು, ಎರಡಡಿ ದಪ್ಪ, ಸುಣ್ಣದ ಗಾರೆ. ಜೊತೆಗೆ ಬಂದಿದ್ದ ಹೊಸ ಹುಡುಗ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ತೆಗೆದ. ಅದು ಕಾಂಕ್ರೀಟಿಗೆ ಕಣಪ್ಪಾ, ಒಳಗಿಡು ಅಂದೆ. ಸಾದಾ ಸುತ್ತಿಗೆಯಲ್ಲೇ ಕುಟ್ಟಿದೆ, ಸದ್ದು ಗಟ್ಟಿಯಾಗಿತ್ತು. ದೊಡ್ಡ ಬಿರುಕು ಕಾಣಲಿಲ್ಲ. 'ಗೋಡೆಗಳು ಸುಸ್ಥಿತಿಯಲ್ಲಿವೆ' ಅಂತ ಬರೆದು ಸಹಿ ಹಾಕಿದೆ.

ಹೊರಡುವಾಗ ಅಲ್ಲಿ ರಿಪೇರಿ ಮಾಡಿಕೊಂಡು ಬಂದಿದ್ದ ಹಿರಿಯ ಮೇಸ್ತ್ರಿ ಹೇಳಿದ್ದರು, "ಇದನ್ನ ಆಷಾಢದಲ್ಲಿ ಬಂದು ನೋಡ್ಬೇಕು ಸಾರ್." ನಕ್ಕು ಜೀಪು ಹತ್ತಿದ್ದೆ.

ಜುಲೈನಲ್ಲಿ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ಸುಮ್ನೆ ಇಳಿದೆ. ಸೆಲ್ಲಿನ ಗೋಡೆ ನನ್ನ ಸೊಂಟದ ಎತ್ತರದವರೆಗೆ ಕಪ್ಪಗಾಗಿತ್ತು. ಬೆರಳಿಟ್ಟರೆ ತಣ್ಣಗೆ ಒದ್ದೆ. ಉಗುರಲ್ಲಿ ಕೆರೆದೆ, ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬಂತು. ಹಿಂದೆ ಕಲ್ಲಿನ ಪುಡಿ.

ಆಗಿದ್ದು ಇಷ್ಟು. ಎದುರಿನ ರಸ್ತೆಗೆ ಟಾರು ಮೇಲೆ ಟಾರು ಹಾಕಿ ಒಂದಡಿ ಏರಿಸಿಬಿಟ್ಟಿದ್ದಾರೆ, ನೀರೆಲ್ಲ ಗೋಡೆಯ ಬುಡಕ್ಕೆ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಗೋಡೆಯ ಮೇಲ್ಮೈಗೂ ಸುಣ್ಣದ ಗಾರೆಯೇ ಇದ್ದಾಗ ಕುಡಿದದ್ದು ಬಿಸಿಲಿಗೆ ಆರಿ ಹೋಗುತ್ತಿತ್ತು. ಯಾವಾಗಲೋ ಒಮ್ಮೆ ಚಂದ ಕಾಣಲಿ ಅಂತ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದಾರೆ. ಹೊರಗೆ ಹೋಗಲು ದಾರಿ ಇಲ್ಲದ ನೀರು ಗೋಡೆಯೊಳಗೇ ಮೇಲೆ ಹತ್ತಿದೆ. ಜೈಲಲ್ವಾ, ನೀರಿಗೂ ಬಿಡುಗಡೆ ಇಲ್ಲ.

ಅನುಮಾನ ಬಂದು ಮಹಡಿಗೆ ಹೋದೆ. ಅಲ್ಲಿ ವಾರ್ಡರ್ ಕೋಣೆ, ಮರದ ತೊಲೆಯ ನೆಲ. ಪುಸ್ತಕ ಇಡುವುದು ಅಲ್ಲೇ ಅಂತ ತೀರ್ಮಾನವಾಗಿತ್ತು. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಲೆಕ್ಕ ಹಾಕುತ್ತೇವೆ. ಆಳೆತ್ತರಕ್ಕಿಂತ ತುಸು ಜಾಸ್ತಿ ಇರುವ ಪುಸ್ತಕದ ಕಪಾಟು ತುಂಬಿದರೆ ಅದು 600. ತೊಲೆಯ ನಡುಭಾಗ ಕಬ್ಬಿಣದ ಹಾಗಿತ್ತು. ಸೂರು ಸೋರುವ ಕಡೆ, ಗೋಡೆಯೊಳಗೆ ಸೇರುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಹಿಡಿಕೆಯವರೆಗೆ ಇಳಿಯಿತು. ಗೆದ್ದಲು.

ಅವತ್ತು ರಾತ್ರಿಯೇ, ನನ್ನ ಮೊದಲ ವರದಿ ತಪ್ಪು ಅಂತ ಕಚೇರಿಗೆ ಪತ್ರ ಬರೆದೆ. ಬೈಸಿಕೊಂಡೆ, ಅದಿರಲಿ.

ಹೊಸ ವರದಿಯಲ್ಲಿ ಪುಸ್ತಕ ಕೆಳಗೆ ಬಂತು. ಮೊದಲು ಚರಂಡಿ, ಸೂರು. ಮಳೆ ಮುಗಿದ ಮೇಲೆ ಸಿಮೆಂಟ್ ಕಿತ್ತು, ಒಂದು ಬೇಸಿಗೆ ಪೂರ್ತಿ ಗೋಡೆ ಆರಬೇಕು, ಆಮೇಲೆ ಸುಣ್ಣ. ಬಾಗಿಲ ವಿಷಯಕ್ಕೇ ಜಾಸ್ತಿ ಜಗಳ. ಜೈಲು ಕಟ್ಟಿದವರ ಯೋಚನೆಯೇ ಒಳಗಿದ್ದವರು ಹೊರಗೆ ಬರಬಾರದು ಅನ್ನುವುದು. ಮಕ್ಕಳು ಓದುವ ಜಾಗಕ್ಕೆ ಒಂದೇ ಬಾಗಿಲು ಸಾಕಾ? ಬೆಂಕಿ ಬಿದ್ದರೆ? ಆದರೆ ಸೂರಿನ ಭಾರ ಪೂರ್ತಿ ಹೊತ್ತಿರುವ ಗೋಡೆಯನ್ನು ಬೇಕಾದಲ್ಲಿ ಒಡೆಯಲೂ ಆಗಲ್ಲ. ಕೊನೆಗೆ ಹಿಂದಿನ ಗೋಡೆಯ ಎರಡು ಕಿಟಕಿಗಳನ್ನು, ಅಗಲ ಹೆಚ್ಚಿಸದೆ, ನೆಲದವರೆಗೆ ಇಳಿಸಿ ಬಾಗಿಲು ಮಾಡುವುದು ಅಂತಾಯ್ತು.

ಮೂಲೆಯಲ್ಲಿ ಮೂರು ಸಣ್ಣ ಬಿರುಕುಗಳಿವೆ. ಅಡ್ಡಡ್ಡ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದು ಬಂದಿದ್ದೇನೆ. ಗೋಡೆ ಅಲ್ಲಾಡಿದರೆ ಗಾಜು ಒಡೆಯುತ್ತೆ. ಪ್ರತಿ ಸೋಮವಾರ ಮೇಸ್ತ್ರಿ ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಮೊನ್ನೆಯದರಲ್ಲಿ ಎರಡು ಗಾಜು ಸರಿ ಇದ್ದವು. ಮೂರನೆಯದಕ್ಕೆ ಕೂದಲೆಳೆಯಷ್ಟು ಸೀಳು. ಶನಿವಾರ ಹೋಗಬೇಕು, ಮಳೆ ಇದ್ದರೂ.