ಪಾನಕದ ಸಿಪ್ಪೆ, ಚಹಾಪುಡಿ, ವಿಟಮಿನ್ ಪುಡಿ: ನಾಯಿ ಇರುವ ಮನೆಯವರಿಗೆ

ಬೇಸಿಗೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹುಣಸೆಹಣ್ಣಿನ ಪಾನಕ ಶುರು. ಹಿಂಡಿ ಉಳಿದ ಸಿಪ್ಪೆ-ನಾರು ಬೆಲ್ಲದ ಅಂಟಿನ ಜೊತೆ ಹಿತ್ತಲಿನ ಬಕೆಟ್ಟಿಗೆ ಬೀಳುತ್ತದೆ. ನಾಯಿ ಬಾಯಿ ಹಾಕುವುದು ಅಲ್ಲೇ.

ಆ ಸಿಪ್ಪೆ ಏಕೆ ಅಪಾಯ ಎಂದು ತಿಳಿಯಲು ದ್ರಾಕ್ಷಿಯ ಕಥೆ ಕೇಳಬೇಕು. ದ್ರಾಕ್ಷಿ ತಿಂದ ನಾಯಿಯ ಕಿಡ್ನಿ ಏಕೆ ಕೆಡುತ್ತದೆ ಎಂಬುದು ಬಹಳ ವರ್ಷ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಹುಣಸೆಹಣ್ಣಿನಲ್ಲಿ ಆ ಆಮ್ಲ ದ್ರಾಕ್ಷಿಗಿಂತ ಎಷ್ಟೋ ಪಟ್ಟು ಹೆಚ್ಚು. ದ್ರಾಕ್ಷಿಯಲ್ಲಂತೂ ತಳಿಗೊಂದು, ಮಾಗಿದ ಹದಕ್ಕೊಂದು ಪ್ರಮಾಣ. ಆದ್ದರಿಂದ "ಮೊನ್ನೆ ತಿಂದಿತ್ತು, ಏನೂ ಆಗಲಿಲ್ಲ" ಅನ್ನುವ ಧೈರ್ಯ ಬೇಡ. ಒಣದ್ರಾಕ್ಷಿ ನೆನೆಸಿದ ನೀರನ್ನೂ ನಾಯಿಗೆ ಹಾಕಬಾರದು.

ಇವನ್ನು ತಿಂದರೆ ಸಾಮಾನ್ಯವಾಗಿ ಮೊದಲ 24 ಗಂಟೆಯೊಳಗೆ ವಾಂತಿಯಾಗುತ್ತದೆ. ಅದು ನಿಂತ ಮೇಲೆ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಕಿಡ್ನಿ ಕೈಕೊಡುವುದು 1ರಿಂದ 3 ದಿನದೊಳಗೆ. ಹಾಗಾಗಿ ಡಾಕ್ಟರು 48 ಗಂಟೆ ಸಲೈನ್ ಹಾಕಿ, ಕ್ರಿಯೇಟಿನಿನ್ (ಕಿಡ್ನಿ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ಮತ್ತೆ ಮತ್ತೆ ನೋಡಬೇಕು ಅಂದರೆ ಅದನ್ನು ಅರ್ಧಕ್ಕೆ ಬಿಡಿಸಬೇಡಿ.

ಚಹಾದಲ್ಲಿ ಅಪಾಯ ಕೆಫೀನಿನದು. ನಾಯಿಯ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಹೊಟ್ಟೆ ಸೇರಿದರೆ ಚಡಪಡಿಕೆ, ವಾಂತಿ, 40-50ಕ್ಕೆ ಎದೆಬಡಿತ ಏರುಪೇರು, 60ಕ್ಕೆ ಫಿಟ್ಸ್. ಬಟ್ಟಲಲ್ಲಿ ಉಳಿದ ಗುಟುಕು ಚಹಾದಿಂದ ದೊಡ್ಡ ನಾಯಿ ಸಾಯುವುದಿಲ್ಲ. ಆದರೆ ಒಣ ಚಹಾಪುಡಿಯ ತೂಕದಲ್ಲಿ ಶೇ. 2ರಿಂದ 4ರಷ್ಟು ಕೆಫೀನ್. 10 ಕಿಲೋ ನಾಯಿ 20 ಗ್ರಾಂ ಪುಡಿ ತಿಂದರೆ 400ರಿಂದ 800 ಮಿಲಿಗ್ರಾಂ ಆಯಿತು, ಅದು ಪ್ರಾಣಕ್ಕೇ ಬರುವ ಲೆಕ್ಕ. ತೂಕ ಇಳಿಸುವ ಗ್ರೀನ್ ಟೀ ಸಾರದ ಮಾತ್ರೆ, ಗ್ವಾರಾನಾ (ಕೆಫೀನ್ ತುಂಬಿದ ಬೀಜ) ಮಾತ್ರೆಗಳದೂ ಇದೇ ಕಥೆ. ಗಿಡದಿಂದ ಬಂದದ್ದು, ಹರ್ಬಲ್ ಅನ್ನುವ ಮಾತ್ರಕ್ಕೆ ನಾಯಿಗೆ ಹಿತವೆಂದು ತಿಳಿಯಬಾರದು.

ಸಕ್ಕರೆರಹಿತ ಪ್ರೋಟೀನ್ ಪುಡಿ, ಚಪ್ಪರಿಸುವ ವಿಟಮಿನ್ ಮಾತ್ರೆಗಳ ಚೀಟಿಯಲ್ಲಿ ಜೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಅಥವಾ ಅದರ ಸಂಕೇತ ಇ967 ಎಂದಿದೆಯೇ ನೋಡಿ. ಕಿಲೋಗೆ 0.1 ಗ್ರಾಂ ಸಾಕು, ಅರ್ಧ-ಮುಕ್ಕಾಲು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು, 0.5 ಗ್ರಾಂ ದಾಟಿದರೆ ಲಿವರ್ ಕೆಡಬಹುದು. ನಾಯಿ ಎಚ್ಚರವಾಗಿದ್ದರೆ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲೇ ಸಕ್ಕರೆ ನೀರನ್ನು ಒಸಡಿಗೆ ಸವರಿ.

ವಾರಕ್ಕೊಮ್ಮೆ ಹಾಲಲ್ಲಿ ಕಲಸುವ ವಿಟಮಿನ್ ಡಿ 60,000 ಐಯು ಪುಡಿಯ ಬಗ್ಗೆಯೂ ಹೇಳಲೇಬೇಕು. ಒಂದು ಪೊಟ್ಟಣ ಎಂದರೆ 1.5 ಮಿಲಿಗ್ರಾಂ, 10 ಕಿಲೋ ನಾಯಿಗೆ ಕಿಲೋಗೆ 0.15. ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಕಿಡ್ನಿಗೆ ಪೆಟ್ಟು ಕೊಡಲು 0.1 ದಾಟಿದರೂ ಸಾಕು. ಪೊಟ್ಟಣದ ತುಣುಕನ್ನೂ ಮುಚ್ಚಳವಿರುವ ಡಬ್ಬಕ್ಕೇ ಹಾಕಿ.

ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವುದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ: ರಕ್ತದಲ್ಲಿ ಸೋಡಿಯಂ ಏರಿ ಅದೇ ಇನ್ನೊಂದು ವಿಷವಾಗುತ್ತದೆ. ಔಷಧಿ ಅಂಗಡಿಯ ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್ ಹೊಟ್ಟೆಯ ಒಳಪದರವನ್ನೇ ಸುಡುತ್ತದೆ. ಮಂಪರಿನಲ್ಲಿರುವ, ನಡುಗುವ ನಾಯಿಗೆ ವಾಂತಿ ಮಾಡಿಸಿದರೆ ಕಕ್ಕಿದ್ದು ಶ್ವಾಸಕೋಶಕ್ಕೆ ಹೋಗಬಹುದು.

ಹೊರಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ನಾಯಿಯ ತೂಕ, ತಿಂದ ಪ್ರಮಾಣ, ಸಮಯ ಮೂರನ್ನೂ ಹೇಳಿ. ಗದಗ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೂ ಇದೆ. ಡಬ್ಬಿ, ಪೊಟ್ಟಣ, ಕಕ್ಕಿದ್ದರೆ ಅದನ್ನೂ ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ.